ರೊಟ್ಟಿ ಬಡಿದ ಬೆರಳು

ಫೋನು ಬಂದಾಗ ನಾನು ಮೆಂತ್ಯಪಲ್ಯ ಸೋಸುತ್ತ ಕೂತಿದ್ದೆ. ಹಳೆಯ ಪೇಪರಿನ ಮೇಲೆ ಒಂದು ಕಡೆ ಎಲೆ, ಒಂದು ಕಡೆ ದಂಟು. ಅರ್ಧ ಸಿವುಡು ಮುಗಿದಿತ್ತು, ಇನ್ನರ್ಧ ಹಾಗೇ ಇತ್ತು. ಇದನ್ನು ಮೊದಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ದೇವರನ್ನು ನಂಬುವವಳೇ. ಬನಶಂಕರಿಗೆ ಕೈಮುಗಿಯದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಹಾಲು ಒಡೆಯಲಿಲ್ಲ, ನಳದ ನೀರು ಹೊತ್ತಿಗೆ ಸರಿಯಾಗಿ ಬಂತು, ಗ್ಯಾಸು ತೀರಿದ್ದು ಅಡಿಗೆ ಮುಗಿದ ಮೇಲೆ. ಹೀಗೆ ಸಣ್ಣ ಸಣ್ಣ ಉಪಕಾರಗಳನ್ನೆಲ್ಲ ಆ ತಾಯಿಯದೇ ಎಂದುಕೊಂಡು ದಿನ ಕಳೆಯುವವಳು. ಆದರೆ ಬಾಗಿಲು ತಾನಾಗಿ ತೆರೆಯಿತು, ಯಾರೋ ಬಂದು ಹೋದರು ಎಂದು ಯಾರಾದರೂ ಹೇಳಿದರೆ "ಗಾಳಿ ಬೀಸಿರಬೇಕು ಬಿಡ್ರಿ" ಎಂದು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೆ ಏನಾದರೂ ತಿಳಿದರೆ ಸರಿ.

ಪುಣೆಯ ಧನಕವಡಿಯ ನಮ್ಮ ಫ್ಲಾಟಿನಲ್ಲಿ ಇದ್ದವರು ಮೂರೇ ಜನ. ನಾನು, ನಮ್ಮ ಮನೆಯವರು, ಅವರ ಅಕ್ಕ ಗಂಗಕ್ಕ. ನಮಗೆ ಮಕ್ಕಳಿಲ್ಲ. ಗಂಗಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ವಿಜಯಪುರದ ಕಡೆಯಿಂದ ಸಣ್ಣ ತಮ್ಮನ ಕೈಹಿಡಿದು ಪುಣೆಗೆ ಬಂದು, ಸದಾಶಿವ ಪೇಠೆಯ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದರು. ಪರೀಕ್ಷೆಗೆ ಓದಲು ಊರೂರಿಂದ ಬಂದ ಹುಡುಗರ ಹೊಟ್ಟೆ ತುಂಬಿಸಿ, ಆ ರೊಟ್ಟಿಯ ಮೇಲೆಯೇ ತಮ್ಮನನ್ನು ಓದಿಸಿದರು, ಅವರ ಮದುವೆ ಮಾಡಿದರು. ನಾನು ಸೊಸೆಯಾಗಿ ಬಂದ ಮೇಲೂ ಮನೆಯಲ್ಲಿ ರೊಟ್ಟಿ ಅವರದೇ. ನಾನೇನಾದರೂ ಕೈಹಾಕಿದರೆ, "ನಿನ್ನ ರೊಟ್ಟಿಗೆ ಮೂಲಿ ಭಾಳ ತಂಗಿ, ಮನಿ ಕಟ್ಟಲಿಕ್ಕೆ ಬರತಾವ. ನೀ ಪಲ್ಯಾ ನೋಡು" ಅನ್ನುತ್ತಿದ್ದರು. ನಾನು ಅವರಿಗೆ ತಂಗಿ, ಅವರು ನನಗೆ ಅಕ್ಕಾರ. ಅತ್ತೆಯಿಲ್ಲದ ಮನೆಯಲ್ಲಿ ಅವರೇ ಅತ್ತೆ, ಅವರೇ ತವರು.

ಕೆಳಗಿನ ಮಹಡಿಯ ಮನೆಯೊಂದರಲ್ಲಿ ಕಳುವಾಯಿತು. ಅಂದಿನಿಂದ ನಮ್ಮ ಮನೆಯವರಿಗೆ ನಿದ್ದೆಯಿಲ್ಲ. ವಿಚಾರಿಸಿ ವಿಚಾರಿಸಿ ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹಾಕಿಸಿದರು. ಬೆರಳಿಟ್ಟರೆ ತೆರೆಯುವ ಕೀಲಿ, ಬಾಗಿಲ ಮೇಲೊಂದು ಕ್ಯಾಮೆರಾ, ಕತ್ತಲಾದರೆ ತಾವಾಗಿಯೇ ಹತ್ತುವ ದೀಪಗಳು. ಹಾಲಿನಲ್ಲೊಂದು ಸ್ಪೀಕರು, ಯಾರ ಬೆರಳಿಗೆ ಬಾಗಿಲು ತೆರೆಯಿತೋ ಅವರ ಹೆಸರು ಹಿಡಿದು "ಅವರು ಮನೆಗೆ ಬಂದಿದ್ದಾರೆ" ಎಂದು ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು. "ಬಂದಾರ ಅಂದ್ರ ಇದರ ಗಂಟು ಹೋಗತದೇನು?" ಎಂದು ಗಂಗಕ್ಕ ಮೊದಲ ದಿನವೇ ತಗಾದೆ ತೆಗೆದರು.

ಯಂತ್ರ ಕೂಡಿಸಲು ಬಂದವನು ಮರಾಠಿಯವನು, ಒಳ್ಳೆಯವನು. ನಮ್ಮಿಬ್ಬರ ಬೆರಳು ಸಲೀಸಾಗಿ ತೆಗೆದುಕೊಂಡ. ಗಂಗಕ್ಕನ ಸರದಿ ಬಂದಾಗ "ಮಾವಶೀ, ಬೋಟ ಠೇವಾ" ಅಂದ. ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು, ಒದ್ದೆ ಮಾಡಿ ಇಟ್ಟರೂ ಕೆಂಪು. ಅವನು ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಹಿಟ್ಟಿನಲ್ಲಿ ತಿಕ್ಕಿ, ಹಂಚಿಗೆ ಸುಟ್ಟು, ಆ ಬೆರಳ ತುದಿಗಳು ಹೊಳೆಗಲ್ಲಿನ ಹಾಗೆ ನುಣ್ಣಗಾಗಿದ್ದವು. ಗೆರೆಗಳೆಲ್ಲ ಎಲ್ಲಿ ಹೋದವು ಮಾವಶೀ ಎಂದು ಕೇಳಿದ.

"ರೊಟ್ಟಿ ತಿಂದವರ ಹೊಟ್ಟ್ಯಾಗ ಅದಾವ, ಹೋಗಿ ಹುಡುಕು ಅನ್ನು ಅವಗ" ಎಂದರು ಗಂಗಕ್ಕ. ನಾನು ಮರಾಠಿಯಲ್ಲಿ ಹೇಳಿದೆ. ಅವನು ಬಹಳ ನಕ್ಕ.

ಒಂದೊಂದೇ ಬೆರಳು ಇಡಿಸಿ, ಕೊನೆಗೆ ಎಡಗೈಯ ಉಂಗುರದ ಬೆರಳಿಗೆ ಹೇಗೋ ಹಸಿರು ದೀಪ ಬಂತು. ಅವನು ಅದಕ್ಕೆ ಗಂಗಕ್ಕ ಎಂದು ಹೆಸರು ಕೊಟ್ಟು ಹೋದ. ಹಸಿರು ಬಂದದ್ದು ಅದೊಂದೇ ಸಲ. ಆಮೇಲೆ ಎಷ್ಟು ಸಲ ಇಟ್ಟರೂ ಯಂತ್ರ ಅವರನ್ನು ಗುರುತಿಸಲಿಲ್ಲ. ಗುಡಿಯಿಂದಲೋ ಅಂಗಡಿಯಿಂದಲೋ ಬಂದಾಗ ಮೊದಲು ಬೆರಳಿಟ್ಟು ನೋಡುವರು. ಆಗದಿದ್ದರೆ ಸೊಂಟದ ಚೀಲದಿಂದ ಕೀಲಿಕೈ ತೆಗೆದು ಬಾಗಿಲು ತೆರೆಯುವರು. ಕೀಲಿಕೈಯಿಂದ ತೆರೆದರೆ ಸ್ಪೀಕರು ಹೆಸರು ಹೇಳುತ್ತಿರಲಿಲ್ಲ. ಒಳಗೆ ಬಂದು ಅದರ ಮುಂದೆ ನಿಂತು, "ಈ ಮನಿ ರೊಟ್ಟಿ ಬಡಿದಾಕಿ ನಾ. ಒಂದ ಸಲಾ ನನ್ನ ಹೆಸರೂ ಕರಿಯಪಾ" ಅನ್ನುತ್ತಿದ್ದರು. ಚೇಷ್ಟೆಯ ಮಾತೇ. ಆದರೂ ಆ ಮಾತಿನ ಹಿಂದೆ ಒಂದು ಆಸೆ ಇತ್ತು. ನನ್ನ ಹೆಸರು, ತಮ್ಮನ ಹೆಸರು ದಿನಾ ಕೇಳುತ್ತಿದ್ದವರಿಗೆ ತಮ್ಮ ಹೆಸರೂ ಆ ಬಾಗಿಲಲ್ಲಿ ಒಮ್ಮೆ ಕೇಳಬೇಕೆಂದು ಅನಿಸಿದ್ದರೆ ತಪ್ಪೇನು?

ಮುಚ್ಚಂಜಿಯ ಹೊತ್ತಿನಲ್ಲಿ ಮಾತ್ರ ನಿಜವಾದ ಜಗಳ. ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದಿರಬೇಕು, ಲಕ್ಷ್ಮಿ ಬರುವ ಹೊತ್ತು. ಈ ಹೊಸ ಬಾಗಿಲು ಬಿಟ್ಟರೆ ತಾನೇ ಮುಚ್ಚಿ ಕೀಲಿ ಹಾಕಿಕೊಳ್ಳುತ್ತಿತ್ತು. "ಲಕ್ಷ್ಮಿ ಬಂದ್ರ ಅಕಿ ಎಲ್ಲಿ ಬೆರಳ ಇಡಬೇಕೋ ತಮ್ಮಾ?" ಎಂದು ನಮ್ಮ ಮನೆಯವರನ್ನು ಕೇಳುವರು. ಗಂಗಕ್ಕ ಊಟದ ಮಣೆಯೊಂದನ್ನು ಹೊಸ್ತಿಲಿಗೆ ಅಡ್ಡ ಇಟ್ಟು ದೀಪ ಹಚ್ಚುವರು. ಸ್ಪೀಕರು "ಬಾಗಿಲು ತೆರೆದಿದೆ, ಬಾಗಿಲು ತೆರೆದಿದೆ" ಎಂದು ಬಡಕೊಳ್ಳುವುದು. ಅವರು ಬತ್ತಿ ಸರಿಮಾಡುತ್ತಲೇ, "ಹೌದ್ರಿ, ತೆರದದ. ಗೊತ್ತದ" ಎಂದು ಉತ್ತರ ಕೊಡುವರು.

ಚಳಿಗಾಲದಲ್ಲಿ ಸೊಲ್ಲಾಪುರದಿಂದ ರೇಣುಕಾ ಫೋನು ಮಾಡಿದಳು. ಗಂಗಕ್ಕನ ತಂಗಿಯ ಮಗಳು, ಅವಳಿಗೆ ತಾಯಿ ಇಲ್ಲ. ಅವಳ ಬಾಣಂತನಕ್ಕೆ ಗಂಗಕ್ಕ ಹೊರಟರು. ಹೊರಡುವಾಗ ಹೊರಗೆ ನಿಂತು ಆ ಯಂತ್ರಕ್ಕೆ ಮತ್ತೊಮ್ಮೆ ಉಂಗುರದ ಬೆರಳು ಇಟ್ಟರು. ಕೆಂಪು. "ಇರಲಿ, ಹೋಗಿ ಬರತೀನಿ. ತಿರುಗಿ ಬಂದಾಗರೆ ನನ್ನ ಹೆಸರು ಹೇಳು" ಎಂದು ಅದಕ್ಕೇ ಹೇಳಿ ಲಿಫ್ಟು ಹತ್ತಿದರು.

ಅವರು ಹೋಗಿ ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ, ನಾನು ಮೆಂತ್ಯ ಸೋಸುವಾಗ ಬಂದ ಆ ಫೋನು ರೇಣುಕಾಳದು. ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದಾಳ, ತಲೆಗೆ ಪೆಟ್ಟಾಗೇದ, ದವಾಖಾನೆಗೆ ತಂದೀವಿ, ಎಚ್ಚರಿಲ್ಲ ಎಂದು ಅಳುತ್ತಿದ್ದಳು. ನಮ್ಮ ಮನೆಯವರ ಕೆಲಸ ಊರಿನ ಆಚೆ ತುದಿಯ ನಿಗಡಿಯಲ್ಲಿ. ಅವರು ಅಲ್ಲಿಂದಲೇ ಗೆಳೆಯನೊಬ್ಬನ ಕಾರಿನಲ್ಲಿ ಸೊಲ್ಲಾಪುರಕ್ಕೆ ನೇರ ಹೊರಟರು. ನನಗೆ, "ನೀ ದೇವರ ಮುಂದ ಕೂಡು, ನಾ ಮುಟ್ಟಿದ ಮ್ಯಾಲೆ ಹೇಳತೀನಿ" ಅಂದರು. ನಾನು ಹಾಗೇ ಮಾಡಿದೆ. ಸೊಪ್ಪು ಪೇಪರಿನ ಮೇಲೆ ಬಿದ್ದಿತ್ತು. ಮನಸ್ಸಿನಲ್ಲಿ ಒಂದೇ ಬೇಡಿಕೆ, ಅಕ್ಕಾರನ್ನು ಮನೆಗೆ ಕಳಿಸು ತಾಯಿ.

ಕೂತಲ್ಲೇ ಹೊತ್ತು ಇಳಿಯಿತು. ಹಾಲಿನ ದೀಪ ತಾನಾಗಿ ಹತ್ತಿದಾಗಲೇ ನನಗೆ ಮುಚ್ಚಂಜಿ ಆಯಿತೆಂದು ತಿಳಿದದ್ದು. ಎದ್ದು ದೇವರಿಗೆ ದೀಪ ಹಚ್ಚಿದೆ. ಗಾಬರಿಯಲ್ಲಿ ಮುಂಬಾಗಿಲು ತೆರೆಯುವುದನ್ನೇ ಮರೆತಿದ್ದೆ. ಮಣೆ ಅಡಿಗೆಮನೆಯಲ್ಲೇ ಇತ್ತು.

ಆಗ ಕೀಲಿ ಸರಿದ ಸಪ್ಪಳ ಕೇಳಿಸಿತು. ಹಿಂದೆಯೇ ಸ್ಪೀಕರು ತನ್ನ ಎಂದಿನ ದನಿಯಲ್ಲಿ ಹೇಳಿತು: "ಗಂಗಕ್ಕ ಅವರು ಮನೆಗೆ ಬಂದಿದ್ದಾರೆ."

ನನಗೆ ಭಯವಾಗಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಮೊದಲು ಆದದ್ದು ಸಂತೋಷ. ಸೊಲ್ಲಾಪುರ, ದವಾಖಾನೆ ಯಾವುದೂ ನೆನಪಿಗೆ ಬರಲಿಲ್ಲ. ಅಂತೂ ಅವರ ಬೆರಳು ಹತ್ತಿತಲ್ಲ ಎನಿಸಿ, ದೀಪದ ಮುಂದಿನಿಂದಲೇ, "ಬರ್ರಿ ಅಕ್ಕಾರ, ಹೆಸರು ಕರೀತು ನೋಡ್ರಿ" ಎಂದೆ. ನನ್ನದೇ ದನಿ ಕೇಳಿದ ಮೇಲೆ ಸೊಲ್ಲಾಪುರ ನೆನಪಾಯಿತು.

ಹೊರಗೆ ಬಂದು ನೋಡಿದೆ. ತಾನೇ ಮುಚ್ಚಿಕೊಳ್ಳಬೇಕಾದ ಬಾಗಿಲು ಒಂದು ಗೇಣು ತೆರೆದೇ ಇತ್ತು. ಯಾರೂ ಇರಲಿಲ್ಲ. ಲಿಫ್ಟು ಕೆಳಗಿತ್ತು, ಮೆಟ್ಟಿಲ ಮೇಲೆ ಹೆಜ್ಜೆಯಿಲ್ಲ, ಎದುರಿನ ಮನೆಗೆ ಹೊರಗಿನಿಂದ ಬೀಗ. ಬೆಳಿಗ್ಗೆ ಹಾಕಿದ ರಂಗೋಲಿ ಅಳಿಸದೆ ಹಾಗೇ ಇತ್ತು. ನಾನು ಮಣೆ ತಂದು ಹೊಸ್ತಿಲಿಗೆ ಅಡ್ಡ ಇಟ್ಟು, ಅದರ ಪಕ್ಕದಲ್ಲೇ ಕೂತೆ. ಅಕ್ಕಾರ ಹೋಗಿಬಿಟ್ಟರು, ಅದಕ್ಕೇ ಬಂದರು ಎಂದು ತಿಳಿದುಕೊಂಡಿದ್ದೆ. ಫೋನು ಬಂದರೆ ಅದನ್ನೇ ಹೇಳುತ್ತದೆ, ಬಾರದಿದ್ದರೆ ಒಳ್ಳೆಯದು ಎಂದು ಬೇಡಿಕೊಳ್ಳುತ್ತಿದ್ದೆ.

ಫೋನು ಬಂತು. ನಮ್ಮ ಮನೆಯವರು ಅಳುತ್ತಿದ್ದರು, ನಗುತ್ತಲೂ ಇದ್ದರು. "ಅಕ್ಕ ಕಣ್ಣ ತೆಗದ್ಲು. ನಾ ಈಗರೆ ಬಂದೆ, ನನ್ನ ಮುಂದನ ಕಣ್ಣ ತೆಗದ್ಲು."

"ಮಾತಾಡಿದ್ರೇನು?" ಎಂದೆ.

"ಏನೋ ಬಡಬಡಿಸಿದ್ಲು. ತಂಗಿ ಬಾಗಲಾ ಹಾಕ್ಕೊಂಡು ಕುಂತಾಳ, ಮೆಂತೆಪಲ್ಯಾ ಬಾಡೇದ ಅಂದ್ಲು. ಗುರುತು ಹಿಡದ್ಲೋ ಇಲ್ಲೋ ತಿಳೀವಲ್ದು."

ನಾನು ಪೇಪರಿನ ಮೇಲಿನ ಸೊಪ್ಪಿನ ಕಡೆ ನೋಡಿದೆ. ಅದು ಬಾಡಿತ್ತು. ಮೆಂತ್ಯದ ಮಾತನ್ನು ನಾನು ಫೋನಿನಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಮೆಂತ್ಯವಿಲ್ಲದ ದಿನ ಕಡಿಮೆ, ಅದೂ ನಿಜ. ಅವರು ಅಂದಾಜಿನಿಂದ ಅಂದಿರಬಹುದು. ಆದರೆ ಬಾಗಿಲು?

ಮರುದಿನ ನಾನು ಸೊಲ್ಲಾಪುರಕ್ಕೆ ಹೋದೆ. ಅವರು ಮತ್ತೆ ಮಾತಾಡಲಿಲ್ಲ. ಕಣ್ಣು ಮಾತ್ರ ತೆರೆದಿದ್ದರು. ರೇಣುಕಾ ಹೊರಗೆ ಹೋದಾಗ ಕಿವಿಯ ಹತ್ತಿರ ಬಾಗಿ, "ಅಕ್ಕಾರ, ನಿನ್ನೆ ಮನಿಗೆ ಬಂದಿದ್ರೇನು?" ಎಂದು ಕೇಳಿದೆ. ಅವರ ಎಡಗೈ ನನ್ನ ಕೈಯಲ್ಲಿತ್ತು. ಉಂಗುರದ ಬೆರಳು ನನ್ನ ಅಂಗೈಯನ್ನು ಒತ್ತಿತು. ಯಂತ್ರಕ್ಕೆ ಒತ್ತಿ ಹಿಡಿಯುತ್ತಿದ್ದರಲ್ಲ, ಹಾಗೆ. ಅದು ಹೌದೆಂಬ ಉತ್ತರವೋ, ನರ ತಾನಾಗಿ ಮಿಡಿದದ್ದೋ ನನಗೆ ಗೊತ್ತಿಲ್ಲ. ಮುಂದಿನ ಸೋಮವಾರ ಬೆಳಗಿನ ಜಾವ ಅವರು ಹೋದರು. ನೋವಿಲ್ಲದೆ, ನನ್ನ ಕೈಯಿಂದ ಒಂದು ಗುಟುಕು ನೀರು ಕುಡಿದು ಹೋದರು. ಆ ಉಪಕಾರವನ್ನೂ ನಾನು ಮರೆತಿಲ್ಲ.

ಆಮೇಲೆ ನಮ್ಮ ಮನೆಯವರು ಯಂತ್ರದವನನ್ನು ಕರೆಸಿದರು. ಅವನು ಕ್ಯಾಮೆರಾದ ಚಿತ್ರ ನೋಡಿದ. ಹೊರಗಿನ ದೀಪ ಹತ್ತುತ್ತದೆ, ಬಾಗಿಲು ಒಂದು ಗೇಣು ಸರಿಯುತ್ತದೆ, ಅಷ್ಟೇ. ಅರ್ಧಂಬರ್ಧ ಹಿಡಿದ ಬೆರಳಿನ ಗುರುತು, ಬೇರೆ ಯಾರ ಬೆರಳಿಗಾದರೂ ತೆರೆದಿರಬಹುದು ಎಂದು ಅವನು ವಿವರಿಸಿದ. ಯಾರ ಬೆರಳಿಗೆ ಎಂದು ನಾನು ಕೇಳಿದೆ. ಅವನು ಚಿತ್ರವನ್ನು ಮತ್ತೊಮ್ಮೆ ನೋಡಿ, ಕರೆಂಟಿನ ದೋಷವೂ ಇರಬಹುದು ಕಾಕೂ ಎಂದ. ಹೋಗುವಾಗ ಗಂಗಕ್ಕನ ಹೆಸರು ತೆಗೆದುಬಿಡಲೇ ಎಂದು ವಿಚಾರಿಸಿದ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಇರಲಿ ಎಂದೆ.

ಹೆಸರು ಈಗಲೂ ಅದರಲ್ಲಿದೆ. ಮತ್ತೆಂದೂ ಅದು ಆ ಹೆಸರನ್ನು ಕರೆದಿಲ್ಲ. ದಿನಾ ಮುಚ್ಚಂಜಿಗೆ ನಾನು ಮಣೆ ಅಡ್ಡ ಇಟ್ಟು ದೀಪ ಹಚ್ಚುತ್ತೇನೆ. ಬಾಗಿಲು ತೆರೆದಿದೆ ಎಂದು ಸ್ಪೀಕರು ಹೇಳುತ್ತದೆ. ಉತ್ತರ ಕೊಡುವವರಿಲ್ಲ. ಒಂದೊಂದು ಸಂಜೆ ದೀಪ ಹಚ್ಚಿದ ಮೇಲೂ ಸ್ವಲ್ಪ ಹೊತ್ತು ಮಣೆ ತೆಗೆಯದೆ ನಿಲ್ಲುತ್ತೇನೆ. ನಮ್ಮ ಮನೆಯವರೂ ಬಂದು ಪಕ್ಕದಲ್ಲಿ ನಿಂತದ್ದುಂಟು.

ರೊಟ್ಟಿ ಈಗ ನಾನೇ ಬಡಿಯುತ್ತೇನೆ. ಮೂಲೆಗಳು ಕಡಿಮೆಯಾಗುತ್ತ ಬಂದಿವೆ. ಮೊನ್ನೆ ಕಾಯಿಪಲ್ಯ ತಂದು ಬಾಗಿಲಿಗೆ ಬೆರಳಿಟ್ಟರೆ ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟೆ, ಮತ್ತೂ ಕೆಂಪು. ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆರಳ ತುದಿ ಅಲ್ಲಲ್ಲಿ ನುಣ್ಣಗಾಗಿದೆ. ಸೊಲ್ಲಾಪುರದಿಂದ ತಂದ ಅಕ್ಕಾರ ಕೀಲಿಕೈ ನನ್ನ ಚೀಲದಲ್ಲೇ ಇತ್ತು, ಅದರಿಂದ ಬಾಗಿಲು ತೆರೆದು ಒಳಗೆ ಬಂದೆ. ಸ್ಪೀಕರು ಸುಮ್ಮನಿತ್ತು.

ಇವತ್ತೂ ಮೆಂತ್ಯಪಲ್ಯ. ಸೋಸಿ ಆಗಿದೆ, ಹಂಚು ಕಾಯುತ್ತಿದೆ, ಹಿಟ್ಟಿಗೆ ಕುದಿನೀರು ಹಾಕಿ ಬಂದಿದ್ದೇನೆ. ಆರಿದರೆ ರೊಟ್ಟಿ ಹರಿಯುತ್ತದೆ. ಎದ್ದು ನಾದಬೇಕು.