ಸೌಂದರ್ಯ ಮುಚ್ಚಿಟ್ಟ ಬಿ.ಎ.

ಭದ್ರಾವತಿಯ ಜನ್ನಾಪುರದಲ್ಲಿ ಹತ್ತಿದ ಬಸ್ಸು ಶಿವಮೊಗ್ಗ ಮುಟ್ಟುವಷ್ಟರಲ್ಲಿ ಸೌಂದರ್ಯ ತನ್ನ ಫೈಲನ್ನು ನಾಲ್ಕು ಸಲ ಬಿಚ್ಚಿ ನೋಡಿದ್ದಳು. ದಂತವೈದ್ಯ ಕಾಲೇಜಿನ ಸೀಟಿಗಾಗಿ ದಾಖಲೆ ತೋರಿಸುವ ದಿನ ಅದು. ನಾಲ್ಕನೆಯ ಸಲ ಅವಳ ಬೆರಳು ಒಂದು ಕಾಗದದ ಮೇಲೆ ನಿಂತಿತು.

"ಅಪ್ಪಾ, ಟಿ.ಸಿ.ಯಲ್ಲಿ ಬಿ.ಎ. ಅಂತ ಇದೆ!"

ಪಕ್ಕದಲ್ಲಿ ತೂಕಡಿಸುತ್ತಿದ್ದ ಶಿವಮೂರ್ತಪ್ಪ ಕಣ್ಣು ಬಿಟ್ಟರು. "ಮೆಲ್ಲಗೆ ಮಾರಾಯ್ತಿ, ಕಂಡಕ್ಟರಿಗೂ ಗೊತ್ತಾಗ್ಬೇಕಾ?"

ಪಿಯುಸಿಯಲ್ಲಿ ಸೌಂದರ್ಯ ಓದಿದ್ದು ವಿಜ್ಞಾನ. ಆ ವರ್ಷ ನೀಟ್ ಪರೀಕ್ಷೆಯಲ್ಲಿ ಅಂಕ ಸಾಲದೆ, ಮನೆಯವರ ಮಾತಿಗೆ ಒಪ್ಪಿ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದಳು. ಬಳಿಕ ಶಿವಮೊಗ್ಗದ ಹಲ್ಲಿನ ಡಾಕ್ಟರೊಬ್ಬರ ಬಳಿ ಚೀಟಿ ಬರೆಯುವ ಕೆಲಸ. ಕೆನ್ನೆ ಹಿಡಿದು ಅಳುತ್ತ ಬಂದವರು ಹತ್ತಿ ಕಚ್ಚಿಕೊಂಡೇ ಕೈಮುಗಿದು ಹೋಗುವುದನ್ನು ಎರಡು ವರ್ಷ ನೋಡಿದವಳಿಗೆ ಹಳೆಯ ಆಸೆ ಮತ್ತೆ ಚಿಗುರಿತು. ಕೆಲಸದ ನಡುವೆಯೇ ಓದಿ, ಈ ಸಲ ಸಾಲುವಷ್ಟು ಅಂಕ ತೆಗೆದಳು.

"ಒಂದು ಡಿಗ್ರಿ ಆದೋಳಿಗೆ ಇನ್ನೊಂದು ಸೀಟ್ ಯಾಕೆ ಅಂತಾರೆ. ಬಿ.ಎ. ವಿಷಯ ಎತ್ತಲೇಬೇಡ" ಎಂದವರು ಶಿವಮೂರ್ತಪ್ಪನವರೇ. ಪಿಯುಸಿ ಆದಮೇಲೆ ಏನು ಮಾಡಿದೆ ಎಂದು ತಿಳಿಸುವ ಅಫಿಡವಿಟ್ ಬೇಕಿತ್ತು. ಭದ್ರಾವತಿ ಕೋರ್ಟಿನ ಎದುರು ಟೈಪು ಮಾಡುವ ಯೋಗರಾಜ್ ಎಲ್ಲರಿಗೂ ಕೊಡುವ ಒಕ್ಕಣೆಯನ್ನೇ ಛಾಪಾ ಕಾಗದಕ್ಕೆ ಇಳಿಸಿದ್ದ: 'ನಾನು ಮನೆಯಲ್ಲಿಯೇ ಇದ್ದು, ಯಾವ ಕೋರ್ಸಿಗೂ ಸೇರಿರುವುದಿಲ್ಲವೆಂದು ಪ್ರಮಾಣ ಮಾಡುತ್ತೇನೆ.' ಸೌಂದರ್ಯ ಸಹಿ ಹಾಕಿದ್ದಳು. ಪಿಯುಸಿಯ ಟಿ.ಸಿ.ಯನ್ನು ಬಿ.ಎ.ಗೆ ಸೇರುವಾಗಲೇ ಕೊಟ್ಟಾಗಿತ್ತು. ಕೈಯಲ್ಲಿ ಉಳಿದದ್ದು ಡಿಗ್ರಿ ಕಾಲೇಜಿನದು ಎಂಬುದು ತಂದೆಗಾಗಲಿ ಮಗಳಿಗಾಗಲಿ ಹೊಳೆದಿರಲಿಲ್ಲ.

ದಾಖಲೆ ನೋಡುವ ಕೊಠಡಿಯ ಮುಂದಿನ ಸಾಲು ಬೇಗ ಬೇಗ ಕರಗುತ್ತಿತ್ತು. ಸುಳ್ಳು ಪ್ರಮಾಣಕ್ಕೆ ಪೊಲೀಸರು ಬರುವರೇ? ಇನ್ನೆಂದೂ ಅರ್ಜಿ ಹಾಕದಂತೆ ಹೆಸರು ಹೊಡೆದುಹಾಕುವರೇ?

"ಟಿ.ಸಿ. ಮನೇಲಿ ಮರ್ತು ಬಂದೆ ಅನ್ನು" ಎಂದು ಹಿಂದಿನಿಂದ ಅಪ್ಪ ಪಿಸುಗುಟ್ಟಿದರು.

ಮೇಜಿನ ಆಚೆ ಕುಳಿತಿದ್ದ ಅಧಿಕಾರಿ ವಾದಿರಾಜರು ಕೈಚಾಚಿದರು. "ಟಿ.ಸಿ. ಎಲ್ಲಮ್ಮಾ?"

'ಮರೆತೆ' ಎನ್ನಲು ಬಾಯಿ ತೆರೆದಳು. ಇಂದು ಸುಳ್ಳು ನಡೆದರೂ ಓದು ಮುಗಿಯುವವರೆಗೆ ಹೀಗೆಯೇ ಬೆವರಬೇಕೆನಿಸಿತು. ಟಿ.ಸಿ., ಅಫಿಡವಿಟ್ ಎರಡನ್ನೂ ಮುಂದಿಟ್ಟಳು.

"ಸಾರ್, ನಾನು ಬಿ.ಎ. ಮಾಡಿದೀನಿ. ಈ ಅಫಿಡವಿಟ್ ಸುಳ್ಳು."

ವಾದಿರಾಜರು ಎರಡನ್ನೂ ನಿಧಾನವಾಗಿ ಓದಿದರು.

"ಪಿಯುಸಿ ವಿಜ್ಞಾನ ಇದೆ, ನೀಟ್ ಆಗಿದೆ. ಬಿ.ಎ. ಮಾಡಿದ್ರೆ ನಮಗೇನಮ್ಮಾ ತೊಂದ್ರೆ? ಮುಚ್ಚಿಡು ಅಂತ ಯಾವ ಮಹಾನುಭಾವ ಹೇಳಿದ್ದು?"

ಶಿವಮೂರ್ತಪ್ಪ ಗೋಡೆಯ ಮೇಲಿನ ಸೂಚನೆಗಳನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

"ಆದ್ರೆ ಇದನ್ನ ಕೊಟ್ಟು ಸಿಕ್ಕಿಬಿದ್ದಿದ್ರೆ ಸೀಟೂ ಹೋಗ್ತಿತ್ತು, ಮೇಲೆ ಕೇಸು. ನಾಲ್ಕು ಗಂಟೆಯೊಳಗೆ ನಿಜ ಬರೆಸ್ಕೊಂಡು ಬನ್ನಿ. ಇವತ್ತೇ ಕೊನೆ ದಿನ."

ಆಗಲೇ ಎರಡೂವರೆ. ಆಟೊ ಹಿಡಿದು ಶಿವಮೊಗ್ಗದ ಕೋರ್ಟಿನ ಬಳಿಗೆ ಓಡಿದರು. ಅಪ್ಪ ಅವಸರಪಡಿಸುತ್ತಿದ್ದರೂ ಹೊಸ ಕಾಗದದ ಪ್ರತಿ ಸಾಲನ್ನೂ ಬೆರಳಿಟ್ಟು ಓದಿಯೇ ಸೌಂದರ್ಯ ಸಹಿ ಮಾಡಿದಳು. ನಾಲ್ಕಕ್ಕೆ ಐದು ನಿಮಿಷವಿರುವಾಗ ವಾದಿರಾಜರು ಅವಳ ಅರ್ಜಿಗೆ ಮೊಹರು ಒತ್ತಿದರು.

"ಆಯ್ತಲ್ಲ, ಏಳು, ಬಸ್ಸು ಸಿಗಲ್ಲ" ಎಂದರು ಶಿವಮೂರ್ತಪ್ಪ, ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದ ಮಗಳಿಗೆ.

"ಒಂದ್ನಿಮಿಷ ತಡಿಯಪ್ಪಾ. ಕಾಲು ಇನ್ನೂ ನಡುಗ್ತಿದೆ."