ಅರಿಶಿನದ ದಾರ ಕಟ್ಟಿದ ತಂತಿ

ಗಿರಿಜಕ್ಕ, ಅವತ್ತು ತರೀಕೆರೆಯಲ್ಲಿ ಅರಿಶಿನದ ದಾರವನ್ನು ಬಿಚ್ಚಿ ಇನ್ನೊಂದು ತಂತಿಗೆ ಕಟ್ಟಿದವನು ನಾನು. ನೀನಲ್ಲ. ನಿನ್ನ ಕೈ ತಪ್ಪಿರಲಿಲ್ಲ, ಕಣ್ಣೂ ತಪ್ಪಿರಲಿಲ್ಲ. ನೀನು ಅತ್ತ ಹೋದ ಮೇಲೆ ನಿನ್ನ ಒಡಹುಟ್ಟಿದ ತಮ್ಮ ಬಗ್ಗಿ ಕೂತು ಆ ಕೆಲಸ ಮಾಡಿದ. ನಲವತ್ತು ವರ್ಷದ ಮೇಲಾಯಿತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ — ಹೆದರಿಕೆ, ಇನ್ನೇನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದಲ್ಲಿ ನನ್ನ ರೇಡಿಯೊ ರಿಪೇರಿ ಅಂಗಡಿ, ಜೊತೆಗೆ ಮದುವೆಮನೆಗಳಿಗೆ ಸೌಂಡ್ ಸೆಟ್. ಶಿವನಿಯಿಂದ ಬುಕ್ಕಾಂಬುಧಿಯವರೆಗೆ ಮೈಕು ಎಂದರೆ ರುದ್ರ, ರುದ್ರ ಎಂದರೆ ಮೈಕು. ನಿನ್ನ ಗಂಡ ಮಲ್ಲಣ್ಣ ಭಾವ ಪಂಚನಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದವರು. ಬೇಜಾರಾದಾಗ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು, ಬೆಸುಗೆ ಹಾಕುವುದನ್ನು ನಾನೇ ಕಲಿಸಿದೆ. ಕಲಿಸಿದವನಿಗೆ ಕಲಿತವನು ಮೀರಿದರೆ ಖುಷಿಯಾಗಬೇಕಂತೆ. ನನಗೆ ಆಗಲಿಲ್ಲ. ನನಗೆ ಉರಿಯಿತು, ಅಕ್ಕ.

ಭಾವ ಮಾಡಿದ್ದು ಪೆಟ್ಟಿಗೆಯೇ ಇಲ್ಲದ ಸ್ಪೀಕರ್. ಎದೆಯೆತ್ತರದ ಹಲಸಿನ ಹಲಗೆ, ಅದಕ್ಕೊಂದು ತೂತು, ತೂತಿನಲ್ಲಿ ಹಳೆಯ ವಾಲ್ವ್ ರೇಡಿಯೊದಿಂದ ಬಿಚ್ಚಿದ ಎಂಟಿಂಚಿನ ಸ್ಪೀಕರ್. ಹಿಂದುಗಡೆ ಬಟ್ಟಬಯಲು.

"ಪೆಟ್ಟಿಗೆ ಒಳಗೆ ಕೂಡಾಕಿದ್ರೆ ಸದ್ದಿಗೆ ಉಸ್ರು ಕಟ್ಟತ್ತೆ ಕಣೋ ರುದ್ರ" ಎನ್ನುತ್ತಿದ್ದರು.

ನಾನು ನಗುತ್ತಿದ್ದೆ. ನಗುತ್ತಲೇ ಕೇಳುತ್ತಿದ್ದೆ — ಹಾಡುವವಳು ನಡುಮನೆಯಲ್ಲಿ ಬಂದು ಕೂತಂತಿರುತ್ತಿತ್ತು. ಒಂದೇ ಕೊರತೆ, ಬೇಸ್ ಇಲ್ಲ, ದಪ್ಪ ಸದ್ದೇ ಇಲ್ಲ. ಹಲಗೆಯ ಹಿಂದಿನ ಸದ್ದು ಅಂಚು ಬಳಸಿ ಬಂದು ಮುಂದಿನದನ್ನು ನುಂಗಿಬಿಡುತ್ತಿತ್ತು. ಅದಕ್ಕೆ ಭಾವ ಮುಚ್ಚಿಹೋದ ಟೂರಿಂಗ್ ಟಾಕೀಸಿನ ಹದಿನೈದಿಂಚಿನ ದೊಡ್ಡ ಸ್ಪೀಕರನ್ನು ತಂದು ಅದೇ ಹಲಗೆಯ ಕೆಳಗೆ ಕೂರಿಸಿದರು. ಅದಕ್ಕೆ ದಪ್ಪ ಸದ್ದು ಮಾತ್ರ ಹೋಗುವಂತೆ ತಾಮ್ರದ ಕಾಯಿಲ್ ಬೇಕಿತ್ತು. ಒನಕೆಗೆ ರಟ್ಟು ಸುತ್ತಿ, ಅದರ ಮೇಲೆ ತಂತಿ ಸುತ್ತಿದವಳು ನೀನು. ಎಷ್ಟು ಸುತ್ತು ಎಂದು ಯಾವ ಪುಸ್ತಕವೂ ಹೇಳಲಿಲ್ಲ, ನಿನ್ನ ಕಿವಿ ಹೇಳಿತು.

"ಇನ್ನೊಂದ್ ನಾಕು ಸುತ್ತು ಬಿಚ್ಚಿ ಕಣ್ರೀ, ಮೃದಂಗದ ಎಡಗಡೆ ಗಂಟ್ಲು ಕಟ್ಕೊಂಡೈತೆ" ಎಂದು ಅಡುಗೆಮನೆಯಿಂದಲೇ ಕೂಗಿದ್ದೆಯಲ್ಲ. ಬಿಚ್ಚಿದರು. ಸರಿಹೋಯಿತು. ಅಂಥ ಕಿವಿ ನಮ್ಮ ಮೂರು ತಾಲೂಕಿನಲ್ಲಿ ಇನ್ನೊಂದು ಇರಲಿಲ್ಲ, ಇದನ್ನು ನಾನು ಅವತ್ತೇ ಬಲ್ಲೆ.

ತರೀಕೆರೆಯಲ್ಲಿ ಹೊಸ ಕಲ್ಯಾಣ ಮಂಟಪ ಎದ್ದಿತ್ತು. ನನ್ನದನ್ನೂ ಭಾವನದನ್ನೂ ಕೇಳಿ ನೋಡುತ್ತೇವೆ, ಚೆನ್ನಾಗಿದ್ದದ್ದನ್ನು ಮಂಟಪದಲ್ಲೇ ಇಟ್ಟುಕೊಳ್ಳುತ್ತೇವೆ ಎಂದರು ಅಲ್ಲಿನ ಹಿರಿಯರು. ಹಲಗೆ ಗೆದ್ದರೆ ಆಮೇಲೆ ನನ್ನ ಪೆಟ್ಟಿಗೆಗಳನ್ನು ಯಾರು ಕೇಳುತ್ತಾರೆ? ಆ ದಿನ ಬೆಳಿಗ್ಗೆ ನೀವಿಬ್ಬರೂ ಬಂದು ಹಲಗೆ ನಿಲ್ಲಿಸಿದಿರಿ. ಮಂಟಪ ದೊಡ್ಡದು, ದೊಡ್ಡ ಸ್ಪೀಕರಿಗೆ ಉದ್ದದ ಹೊಸ ತಂತಿ ಬೇಕಾಯಿತು. ಸಿಕ್ಕ ಎರಡೂ ತಂತಿ ಕಪ್ಪು, ಯಾವುದು ಪ್ಲಸ್ ಯಾವುದು ಮೈನಸ್ ಎಂದು ಗೊತ್ತಾಗುವಂತಿರಲಿಲ್ಲ. ನೀನು ಪ್ಲಸ್ ತಂತಿಯ ಎರಡೂ ತುದಿಗೆ, ಮದುವಣಗಿತ್ತಿಗೆ ಕಂಕಣ ಕಟ್ಟುವಷ್ಟು ಶ್ರದ್ಧೆಯಿಂದ, ಅರಿಶಿನದ ದಾರ ಕಟ್ಟಿದೆ. ಎರಡು ಸ್ಪೀಕರೂ ಒಟ್ಟಿಗೆ ಮುಂದಕ್ಕೆ ತಳ್ಳಬೇಕು. ತಂತಿ ಅದಲುಬದಲಾದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಒಂದರ ಸದ್ದನ್ನು ಇನ್ನೊಂದು ತಿನ್ನುತ್ತದೆ.

"ತಿಂಡಿ ತಿಂದ್ ಬನ್ನಿ, ನಾನ್ ನೋಡ್ಕೊಂಡಿರ್ತೀನಿ" ಎಂದೆ.

ನೀವು ಹೋದಿರಿ. ದೊಡ್ಡ ಸ್ಪೀಕರಿನ ಕಡೆಯ ತುದಿಯಲ್ಲಿ ದಾರ ಬಿಚ್ಚಿದೆ, ಪಕ್ಕದ ತಂತಿಗೆ ಕಟ್ಟಿದೆ. ನೀನು ಹಾಕುವ ಗಂಟನ್ನೇ ಹಾಕಿದೆ. ಅವ್ವ ನಮ್ಮಿಬ್ಬರಿಗೂ ಒಂದೇ ಗಂಟು ಕಲಿಸಿದ್ದಳಲ್ಲ.

ಭಾವ ಬಂದು ದಾರ ನೋಡಿಕೊಂಡು ತಂತಿ ಸಿಕ್ಕಿಸಿದರು. ಗ್ರಾಮಫೋನ್ ತಟ್ಟೆ ತಿರುಗಿತು. ಹಾಡು ಬಂತು — ಬಡಕಲಾಗಿ, ಮೂಗಿನಲ್ಲಿ. ಮೃದಂಗ ಡಬ್ಬ ಬಡಿದಂತಾಯಿತು. ಹಿರಿಯರೊಬ್ಬರು, "ಇದಕ್ಕಿಂತ ನಮ್ಮನೆ ಹಿತ್ಲು ಬಾಗ್ಲೇ ವಾಸಿ ಕಣಪ್ಪಾ, ತೆಗೆದ್ರೆ ಇನ್ನೂ ಚೆನ್ನಾಗ್ ಸದ್ದು ಮಾಡತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಭಾವನ ಮುಖ ಕಪ್ಪಿಟ್ಟಿತು. ತಂತಿಯನ್ನು ಕೈಯಲ್ಲಿ ಹಿಡಿದು ಈ ತುದಿಯಿಂದ ಆ ತುದಿಗೆ ಜಗ್ಗುತ್ತಾ ಹೋದರು. ಅಲ್ಲೊಂದು ತಂತಿಗೆ ದಾರ, ಇಲ್ಲಿ ಇನ್ನೊಂದಕ್ಕೆ.

"ಯಾವನ್ಲೇ ಕೈ ಹಾಕ್ದೋನು?" ಎಂದು ಗುಡುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ — ನನ್ನ ಕೈ ಹೆಗಲಿಗೆ ಹೋಗದಿದ್ದದ್ದೇ ಆಶ್ಚರ್ಯ. ಅವರು ಹಲಗೆಗೆ ಒದ್ದರು. ಅದು ಮಗುಚಿ ಬಿತ್ತು. ಸ್ಕ್ರೂಡ್ರೈವರ್ ಎತ್ತಿ ದೊಡ್ಡ ಸ್ಪೀಕರಿನ ಎದೆಗೆ ಇರಿದರು, ಇನ್ನೊಮ್ಮೆ ಇರಿದರು, ಕಾಗದ ಚಿಂದಿಯಾಗುವವರೆಗೂ ಇರಿದರು. ಆಮೇಲೆ ನಿನ್ನ ಕಡೆ ತಿರುಗಿದರು.

"ನಾನ್ ಸರಿಯಾಗೇ ಕಟ್ಟಿದ್ದೆ ಕಣ್ರೀ, ದೇವ್ರಾಣೆ" ಎಂದೆ ನೀನು. ನಂತರ ನನ್ನತ್ತ ನೋಡಿದೆ. "ರುದ್ರ, ನೀನಿಲ್ಲೇ ಇದ್ಯಲ್ಲೋ. ನೀನಾದ್ರೂ ಹೇಳೋ."

ಆಗ ನಾನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ.

"ನೀನೇ ಅಲ್ವೇನಕ್ಕ ಕಟ್ಟಿದ್ದು? ನೋಡ್ಕೊಂಡು ಕಟ್ಬೇಕಿತ್ತು."

ನನ್ನ ಮಾತು ಮುಗಿಯುವುದಕ್ಕಿಲ್ಲ, ಭಾವನ ಅಂಗೈ ನಿನ್ನ ಎಡಕಿವಿಗೆ ಬಿತ್ತು. ನೀನು ಗೋಡೆಗೆ ಬಡಿದು ಕೆಳಗೆ ಬಿದ್ದೆ. ಏಳಲು ಹೋದಾಗ ಅದೇ ಕಡೆಗೆ ಮತ್ತೆ. ಜುಟ್ಟು ಹಿಡಿದು ಎಳೆದರು, ಬೆನ್ನಿಗೆ ಒದ್ದರು. ನೀನು ಕಿವಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದೆ. ಬೆರಳ ಸಂದಿಯಿಂದ ರಕ್ತ ಇಳಿದು ಬಳೆಯವರೆಗೂ ಬಂತು. ಹಿರಿಯರು ಓಡಿಬಂದು ಭಾವನನ್ನು ಹಿಡಿದುಕೊಂಡರು. ನಾನು ಹೋಗಲಿಲ್ಲ. ನನಗಿಂತ ಮುದುಕರು ಹೋದರು, ನಾನು ನಿಂತಲ್ಲೇ ನಿಂತಿದ್ದೆ. ಒಂದೇ ಒಂದು ಮಾತು — "ನಾನ್ ಮಾಡಿದ್ದು" — ಅಷ್ಟು ಹೇಳಿದ್ದರೆ ಆ ಎರಡನೆಯ ಏಟು ನನಗೆ ಬೀಳುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಪರದೆ ಹರಿದಿದೆ, ಆ ಕಿವಿ ಇನ್ನು ಬರುವುದಿಲ್ಲ ಎಂದರು ಶಿವಮೊಗ್ಗದ ಡಾಕ್ಟರು. ಮಂಟಪಕ್ಕೆ ನನ್ನ ಪೆಟ್ಟಿಗೆಗಳೇ ಹೋದವು. ನಿನ್ನ ರಕ್ತ ಬಿದ್ದ ಜಾಗದಿಂದ ನಾಲ್ಕು ಮಾರು ಆಚೆ ಕೂತು ನಾನು ವರ್ಷಗಟ್ಟಲೆ ಮಂಗಳವಾದ್ಯ ಹಾಕಿದೆ, ಅಕ್ಕ. ಊಟವನ್ನೂ ಅಲ್ಲೇ ಮಾಡಿದೆ.

ಹೊಡೆದದ್ದು ಭಾವನ ಕೈ. ಆ ಪಾಪ ಅವರದು, ಅದನ್ನು ನಾನು ಹೊತ್ತುಕೊಂಡು ಅವರನ್ನು ಹಗುರ ಮಾಡಲಾರೆ. ಆದರೆ ಒಂದು ವಾರ ಬಿಟ್ಟು ಅವರು ನನ್ನ ಅಂಗಡಿಗೆ ಬಂದಿದ್ದರು, ನಿನಗೆ ಗೊತ್ತಿಲ್ಲ. ಆ ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಚಚ್ಚಿ ಚಚ್ಚಿ ಬೆರಳು ಮುರಿದುಕೊಂಡರು. ತೋಟದಲ್ಲಿ ಜಾರಿಬಿದ್ದೆ ಎಂದು ಅವರು ನಿನಗೆ ಹೇಳಿದ್ದು ಇದನ್ನೇ. ನಾನು ಬಟ್ಟೆ ಕಟ್ಟಿ, "ಸಿಟ್ನಾಗೆ ಆಗೋಯ್ತು, ಬಿಡಿ ಭಾವ" ಎಂದೆ. ನಿನ್ನ ಕಿವಿಯನ್ನು ಕ್ಷಮಿಸುವುದಕ್ಕೆ ನಾನು ಯಾರು? ದೊಡ್ಡ ಮನುಷ್ಯನಂತೆ ಕ್ಷಮಿಸಿದೆ. ಅವರು ನನ್ನ ಕಾಲು ಮುಟ್ಟಲು ಬಂದರು — ಅದನ್ನೂ ತಡೆಯುವುದು ತಡವಾಯಿತು.

ಆಮೇಲೆ ಅವರು ಮತ್ತೆ ಕೈ ಎತ್ತಲಿಲ್ಲ, ಹಲಗೆಯನ್ನೂ ಮುಟ್ಟಲಿಲ್ಲ. ನೀನು ಮಾತ್ರ ಬಂದವರಿಗೆಲ್ಲ ಹೇಳಿಕೊಂಡು ಬಂದೆ: "ತಪ್ಪು ನಂದೇ. ಅದೆಂಗೆ ಕಟ್ಟಿದ್ನೋ ಏನೋ."

ನಾನು ಅದನ್ನೂ ನುಂಗಿಕೊಂಡೆ. ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದಾಗ ನೀನು ಒಲೆ ಆರಿಸಿ, ನನ್ನನ್ನು ಕರೆದು, "ಗ್ಯಾಸ್ ಸರಿಯಾಗ್ ತಿರುಗಿಸಿದ್ದೀನೇನೋ ನೋಡೋ ರುದ್ರ, ನನ್ ಕೈ ನಂಬಂಗಿಲ್ಲ" ಎಂದೆ. ನೀನು ಸರಿಯಾಗೇ ತಿರುಗಿಸಿದ್ದೆ. ಹಾಲಿಗೆ ಹೆಪ್ಪು ಹಾಕಿ ಸೊಸೆಗೆ ತೋರಿಸಿದೆ. ಬಾಗಿಲ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದೆ. ಬರೀ ಕಿವಿ ಹೋಯಿತು ಎಂದುಕೊಂಡಿದ್ದೆ ನಾನು. ನಾನು ಏನು ಕಿತ್ತುಕೊಂಡೆ ಎಂಬುದು ಆವತ್ತು ಆ ಒಲೆಯ ಮುಂದೆ ನಿಂತಾಗ ಗೊತ್ತಾಯಿತು. ಆದರೂ "ಸರಿ ಐತಕ್ಕ" ಎಂದು ಬಸ್ಸು ಹತ್ತಿ ಬಂದೆ.

ಈ ಸೋಮವಾರ ಬರುತ್ತೇನೆ. ಇದನ್ನು ಓದಿ ಮುಗಿಸಿರುತ್ತೀಯ. ಆದರೂ ನಿನ್ನ ಬಲಗಡೆ ಕೂತು, ಭಾವನೂ ಸೊಸೆಯೂ ಎದುರಿಗಿರುವಾಗ, ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಭಾವ ಎದ್ದು ಬಂದು ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ನೀನು ಅಡ್ಡ ಬರಬೇಡ. ನೀನು ಸರಿಯಾಗೇ ಕಟ್ಟಿದ್ದೆ, ಅಕ್ಕ.