ಐದು ಉತ್ತರ ಹೇಳಿದವರು ಮನೆಗೆ

ಭಾಗಾಕಾರ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿ ನನ್ನ ಪಾಲಿಗೆ ಬಂದಿತ್ತು. ಕೊನೆಯ ಅವಧಿಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದೆ: "ನಲವತ್ತೆಂಟರಾಗ ಆರು ಎಷ್ಟ ಸಲ ಹೋಗ್ತಾವ? ಅರವತ್ತಮೂರರಾಗ ಒಂಬತ್ತು?" ತಡವರಿಸದೆ ಐದು ಉತ್ತರ ಹೇಳಿದವರು ಗಂಟೆಗೆ ಕಾಯದೆ ಮನೆಗೆ ಹೋಗಬಹುದು. ಈ ಆಸೆಗೆ ಮಹಾ ದಡ್ಡರೂ ದಾರಿಯುದ್ದಕ್ಕೂ ಮಗ್ಗಿ ಹೇಳಿಕೊಂಡು ಬರುತ್ತಿದ್ದರು. ಉಳಿದ ತರಗತಿಗಳಲ್ಲೂ ಹೀಗೇ ಮಾಡಿಸಿ ಎಂದು ಹೆಡ್‌ಮಾಸ್ತರರು ಹೇಳಿದ ದಿನವಂತೂ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಬ್ಬಳು ಮಾತ್ರ ಜಗ್ಗಲಿಲ್ಲ. ನೇಕಾರರ ಮನೆಯ ಹುಡುಗಿ, ಸಣಕಲಿ. ದಿನಾ ಕೊನೆಗೆ ಉಳಿಯುವವಳು ಅವಳೇ. ನಲವತ್ತೆಂಟರಲ್ಲಿ ಆರು ಎಂದರೆ ಒಂಬತ್ತು ಅನ್ನುವಳು, ಅರವತ್ತಮೂರರಲ್ಲಿ ಒಂಬತ್ತು ಎಂದರೆ ಎಂಟು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಿನ್ನ ತಲ್ಯಾಗ ಏನೈತಿ, ಸಗಣಿ ಏನ?" ಎಂದು ಎಲ್ಲರೆದುರು ಕೇಳಿದ್ದೇನೆ. ಅವಳ ಪಾಟಿಯ ಮೇಲೆ ಲೆಕ್ಕ ಸರಿ ಇದ್ದರೆ, ಪಕ್ಕದವಳದ್ದು ನೋಡಿ ಬರೆದಿದ್ದಾಳೆ ಎಂದು ಅಳಿಸಿದ್ದೇನೆ. ಅವಳು ಅಳುತ್ತಿರಲಿಲ್ಲ. ಉಳಿದವರು ಹೋದ ಮೇಲೆ ಹಲಗೆ ಒರೆಸಿ, ಕಸ ಗುಡಿಸಿ, ಕಿಟಕಿ ಮುಚ್ಚಿ, ನಾನು ಬೀಗ ಹಾಕುವವರೆಗೂ ಅಲ್ಲೇ ಸುಳಿದಾಡುತ್ತಿದ್ದಳು.

ಬೇಸಿಗೆ ರಜೆಗೆ ಮುಂಚೆ ಅವಳ ತಾಯಿ ಬಂದರು. ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹೊರಗೇ ನಿಂತರು.

"ಅಕ್ಕೋರ, ಇನ್ನೊಂದ ಮಗ್ಗ ಹಾಕೂ ವಿಚಾರ ನಡದೈತ್ರಿ. ಹಾಕಿದ್ರ ಕಂಡಿಕಿ ಸುತ್ತಾಕ ಇಕಿನ್ನ ಸಾಲಿ ಬಿಡಸಬೇಕಾಗ್ತೈತಿ. ಅಕಿ ಶಾಣ್ಯಾ ಇದ್ರ ಬಿಡಸೂದಿಲ್ಲ. ನೀವ ಖರೆ ಹೇಳ್ರಿ."

ಕಂಡಿಕೆ ಎಂದರೆ ಲಾಳಿಯೊಳಗಿಡುವ ಪುಟ್ಟ ಕೊಳವೆ. ರಾಟೆ ತಿರುಗಿಸಿ ಅದಕ್ಕೆ ನೂಲು ಸುತ್ತುವುದು ನೇಕಾರರ ಮನೆಯ ಹೆಂಗಸರ, ಮಕ್ಕಳ ಕೆಲಸ.

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಅಕಿ ತಲಿಗೆ ಹತ್ತೂದಿಲ್ಲ ಬಿಡವ್ವಾ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಂದ ಶುದ್ಧಬರಹ ಬರೆಸುತ್ತಿದ್ದವಳೂ ನಾನೇ.

ಜೂನ್‌ನಲ್ಲಿ ಹುಡುಗಿ ಬರಲಿಲ್ಲ. ದೀಪಾವಳಿಯ ಹೊತ್ತಿಗೆ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಅವಳ ಓಣಿಗೆ ಹೋದೆ. ಪಡಸಾಲೆಯಲ್ಲಿ ಎರಡು ಮಗ್ಗ. ಮೂಲೆಯಲ್ಲಿ ಅವಳು ರಾಟೆ ತಿರುಗಿಸುತ್ತಿದ್ದಳು. ತಾಯಿ ಚಹಾ ಮಾಡಲು ಒಳಗೆ ಹೋದರು. ಅಪ್ಪ ಮಗ್ಗದಿಂದಲೇ ಕೂಗಿ ಕೇಳಿದ: "ಐವತ್ತಾರು ಕಂಡಿಕಿ ಅದಾವು. ತಾಸಿಗಿ ಎಂಟ ಹೋದ್ರ ಎಷ್ಟೊತ್ತ ಬರ್ತಾವ?"

"ಏಳ ತಾಸ, ಅಪ್ಪಾ."

ತಲೆ ಕೂಡ ಎತ್ತಲಿಲ್ಲ ಅವಳು. ನಾನು ಹತ್ತಿರ ಹೋಗಿ, ಇದನ್ನು ಯಾವಾಗ ಕಲಿತೆ ಎಂದು ಕೇಳಿದೆ.

"ಮದ್ಲ ಬರ್ತಿತ್ರಿ, ಅಕ್ಕೋರ. ಐದೂ ಹೇಳಿದ್ರ ನೀವ ಮನಿಗಿ ಕಳಸ್ತಿದ್ರಿ. ಮನಿಗಿ ಬಂದ್ರ ರಾಟಿ ಮುಂದ ಕುಂದರಸ್ತಿದ್ರು. ನನಗ ಸಾಲ್ಯಾಗ ಇರಬೇಕಂತಿತ್ರಿ."

ಗೊತ್ತಿಲ್ಲದವರ ತಪ್ಪು ಎಲ್ಲೆಲ್ಲೋ ಹೋಗುತ್ತದೆ. ಅವಳದು ಯಾವಾಗಲೂ ಒಂದೇ ಒಂದು ಹೆಚ್ಚು. ಸರಿಯುತ್ತರ ಗೊತ್ತಿಲ್ಲದೆ ದಿನಾ ಹಾಗೆ ತಪ್ಪುವುದು ಯಾರಿಂದಲೂ ಆಗದು. ಇಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ವರ್ಷವಿಡೀ ಹತ್ತಿರಲಿಲ್ಲ.

ಚಹಾ ತಂದ ತಾಯಿಗೆ ಕೈ ಮುಗಿದೆ. "ಯವ್ವಾ, ನನ್ನ ತಪ್ಪಾತು. ಇಕಿ ಭಾಳ ಶಾಣ್ಯಾ ಅದಾಳ. ಸಾಲಿಗೆ ಕಳಸ್ರಿ."

ಅವರು ಮಗಳ ಕಡೆ ನೋಡಿದರು. "ಅವತ್ತ ಅಂದಿದ್ರ ಕಳಸ್ತಿದ್ದೆ, ಅಕ್ಕೋರ. ನಿಮ್ಮ ಮಾತ ನಂಬಿ ಮಗ್ಗ ಹಾಕೇವಿ. ಈಗ ಅಕಿ ಎದ್ರ ಎರಡೂ ನಿಂದರ್ತಾವು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಚಹಾ ಆರತೈತಿ ಕುಡೀರಿ ಎಂದರು.

ನನ್ನ ಕಣ್ಣು ತುಂಬಿದ್ದು ಹುಡುಗಿಗೆ ಕಂಡಿತೇನೋ. "ಇನ್ನೊಂದ ಕೇಳ್ರಿ, ಅಕ್ಕೋರ" ಎಂದಳು.

ಎಪ್ಪತ್ತೆರಡರಲ್ಲಿ ಎಂಟು ಎಂದೆ. ಒಂಬತ್ತು ಎಂದಳು. ಮತ್ತೊಂದು ಕೇಳಿದೆ, ಮಗದೊಂದು ಕೇಳಿದೆ. ಅವಳ ಒಂದು ಉತ್ತರವೂ ತಪ್ಪಲಿಲ್ಲ, ರಾಟೆ ತಿರುಗಿಸುತ್ತಿದ್ದ ಕೈಯೂ ನಿಲ್ಲಲಿಲ್ಲ.